ಹಳೆಯ ವೈರ್

“ಗುರುಗಳೇ, ಏಳು ತಿಂಗಳಿಂದ ನನಗೆ ಸಿಟ್ಟು ಬಂದಿಲ್ಲ. ಇನ್ನು ಹೆಂಡತಿಗೆ ಬಾ ಅಂತ ಕಾಗದ ಬರೆಯಲೇ?”

ಕೇಳಿದವನು ನಿರ್ವಾಣಪ್ಪ. ಮನೆಯ ನಡುಗೋಡೆಯ ಜಗಳದಲ್ಲಿ ಸ್ವಂತ ಅಣ್ಣನ ಮೇಲೆ ಕುಡುಗೋಲು ಎತ್ತಿದವನು. ಅದನ್ನು ಕಂಡ ದಿನವೇ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಅವನು ಆಶ್ರಮಕ್ಕೆ ಬಂದ. ಇಲ್ಲಿ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತಾನೆ, ಸಂಜೆ ಗಿಡಗಳಿಗೆ ನೀರು ಹಾಕುತ್ತಾನೆ. ಗಿಡಗಳು ನಡುಗೋಡೆಯ ಮಾತು ಎತ್ತುವುದಿಲ್ಲ.

“ಸಿಟ್ಟು ಯಾವುದರಿಂದ ಹೋಯಿತು?” ಎಂದರು ಗುರು.

“ಧ್ಯಾನದಿಂದ. ಮತ್ತಿನ್ನೇನು ಗುರುಗಳೇ?”

ಗುರು ಒಂದು ಕತೆ ಹೇಳಿದರು.

ಒಬ್ಬ ಶಿಕ್ಷಕಿಯಿದ್ದಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಎಡಗಾಲಿನಲ್ಲಿ ಬಲವಿರಲಿಲ್ಲ. ಕ್ಲಚ್ ಒತ್ತಲು ಎಡಗಾಲು ಬೇಕು. ಆದ್ದರಿಂದ ಅವಳು ಕ್ಲಚ್ಚೇ ಇಲ್ಲದ, ಗೇರು ತಾನಾಗಿಯೇ ಬದಲಾಗುವ ಒಂದು ಹಳೆಯ ಕಾರು ಕೊಂಡಳು. ಇಪ್ಪತ್ತು ಕಿಲೋಮೀಟರ್ ದೂರದ ಶಾಲೆಗೆ ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ಮಗಳು, ಅದೇ ಶಾಲೆಯ ಎರಡನೇ ತರಗತಿ. ಆ ದಾರಿಯಲ್ಲಿ ಬಸ್ಸಿಲ್ಲ. ಕಾರಿಲ್ಲದಿದ್ದರೆ ತಾಯಿಗೆ ಕೆಲಸವಿಲ್ಲ, ಮಗಳಿಗೆ ಶಾಲೆಯಿಲ್ಲ.

ಒಂದು ದಿನ ರೈಲು ಹಳಿಯ ಮೇಲೆ ಗೇರು ಕೈಕೊಟ್ಟಿತು. ಇಂಜಿನ್ ಅಬ್ಬರಿಸುತ್ತಿತ್ತು, ಚಕ್ರ ತಿರುಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು ತಳ್ಳಿ ದಾಟಿಸಿದರು. ಒಂದು ಗಂಟೆ ಬಿಟ್ಟು ನೋಡಿದರೆ ಕಾರು ಏನೂ ನಡೆದೇ ಇಲ್ಲವೆಂಬಂತೆ ಓಡಿತು.

ಮೊದಲನೆಯ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ, “ಗಾಡಿಗೇನೂ ಆಗಿಲ್ಲ ಮೇಡಂ, ನಿಮ್ಮ ಕಾಲಿಂದೇ ಏನೋ ಇರಬೇಕು” ಎಂದ. ಆದರೂ ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸಿದ. ಇಪ್ಪತ್ತು ದಿನ ತೊಂದರೆಯಿರಲಿಲ್ಲ. ಎರಡನೆಯವನು ಗೇರ್‌ಬಾಕ್ಸನ್ನೇ ಇಳಿಸಿ, ಬಿಚ್ಚಿ, ತೊಳೆದು, ಜೋಡಿಸಿದ. ಒಂದು ತಿಂಗಳು. ಮೂರನೆಯವನು ಮೆಕ್ಯಾನಿಕ್ಕೇ ಅಲ್ಲ, ಜ್ಯೋತಿಷಿ. ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಇಟ್ಟು ಅವುಗಳ ಮೇಲೆ ಕಾರು ಹತ್ತಿಸಿದ. ನಲವತ್ತು ದಿನ. ಮೂವರಲ್ಲಿ ನಿಂಬೆಹಣ್ಣಿನ ಫಲಿತಾಂಶವೇ ಉತ್ತಮ. ಆ ಕಾರನ್ನು ಸರಿಮಾಡಿದ್ದು ತಾವೇ ಎಂದು ಮೂವರೂ ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಶಿಕ್ಷಕಿ ಮಗಳನ್ನು ಕಾರಿಗೆ ಹತ್ತಿಸುವುದನ್ನು ಬಿಟ್ಟಳು. ಮಗು ಅಜ್ಜಿಯ ಜೊತೆ ಮನೆಯಲ್ಲೇ ಉಳಿಯಿತು.

ನಾಲ್ಕನೆಯವನು ಮೆಕ್ಯಾನಿಕ್ಕೇ, ಆದರೆ ಕಾರನ್ನು ಮುಟ್ಟಲಿಲ್ಲ. ಹಳಿ ದಾಟದ ಸುತ್ತುದಾರಿಯಲ್ಲಿ ಹೋಗಿ ಎಂದ. ಒಂದು ನೋಟ್‌ಬುಕ್ ಕೊಟ್ಟು, ಗೇರು ಕೈಕೊಟ್ಟಾಗಲೆಲ್ಲ ಕಾರು ಎಷ್ಟು ಹೊತ್ತು ಓಡಿತ್ತು, ಏರುದಾರಿಯಿತ್ತೇ, ಬಿಸಿಲಿತ್ತೇ ಎಂದು ಬರೆಯಲು ಹೇಳಿದ. ಆರು ಸಲ ಬರೆದಾದ ಮೇಲೆ ಓದಿದ. ಆರೂ ಸಲ ಕಾರು ಬಹಳ ಹೊತ್ತು ಓಡಿ ಚೆನ್ನಾಗಿ ಕಾದಿತ್ತು. ಗ್ಯಾರೇಜಿನಲ್ಲಿ ಸರದಿಗೆ ಕಾಯುವಷ್ಟರಲ್ಲಿ ತಣ್ಣಗಾಗಿ ಸಂಭಾವಿತನಂತೆ ನಿಲ್ಲುತ್ತಿತ್ತು. ಹಿಂದಿನ ಮೂವರೂ ಕಂಡದ್ದು ಆ ಸಂಭಾವಿತನನ್ನೇ.

ಇವನು ಕಾರನ್ನು ಓಡಿಸಿ ಕಾಯಿಸಿ, ಬಿಸಿಯಿರುವಾಗಲೇ ಕೆಳಗೆ ನುಗ್ಗಿ, ಗೇರ್‌ಬಾಕ್ಸಿಗೆ ಹೋಗುವ ವೈರುಗಳನ್ನು ಒಂದೊಂದಾಗಿ ನೋಡಿದ. ಒಂದು ವೈರಿನ ಹೊದಿಕೆ ಚೆನ್ನಾಗಿತ್ತು, ಒಳಗಿನ ತಾಮ್ರ ಮುರಿದಿತ್ತು. ತಣ್ಣಗಿದ್ದಾಗ ಮುರಿದ ತುದಿಗಳು ಕೂಡುತ್ತಿದ್ದವು, ಕಾದಾಗ ಬಿಡುತ್ತಿದ್ದವು. ಹೊಸ ವೈರ್ ಹಾಕಿದ. ಹಳೆಯದನ್ನು ಎಸೆಯದೆ, ಚೀಟಿ ಕಟ್ಟಿ ಮೊಳೆಗೆ ತೂಗುಹಾಕಿದ.

ಎರಡು ತಿಂಗಳು ಕಾರು ಓಡಿತು. ನಿಂಬೆಹಣ್ಣಿಗಿಂತ ಇಪ್ಪತ್ತು ದಿನ ಹೆಚ್ಚು. ಶಿಕ್ಷಕಿ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದು, ನಾಳೆಯಿಂದ ಮಗಳನ್ನು ಕರೆದೊಯ್ಯುತ್ತೇನೆ ಎಂದಳು. ಮೆಕ್ಯಾನಿಕ್ ಡಬ್ಬಿಯನ್ನು ತೆರೆಯದೆ ಬೆಂಚಿನ ಮೇಲಿಟ್ಟ. ಕಾರಿನ ಕೆಳಗೆ ನುಗ್ಗಿ ಹೊಸ ವೈರ್ ಬಿಚ್ಚಿದ. ಹಳೆಯದನ್ನು ಹಾಕಿದ.

“ಅಯ್ಯೋ, ಇದೇನ್ ಮಾಡ್ತಿದ್ದೀರಿ? ಸರಿಹೋಗಿತ್ತಲ್ಲ!”

“ಸರಿಹೋಗಿದೆ, ಇಲ್ಲ ಅಂದ್ನಾ? ನಾನು ಮಾಡಿದ್ದಕ್ಕೆ ಹೋಯ್ತೋ, ನಿಮ್ಮ ನಿಂಬೆಹಣ್ಣಿನ ಥರಾ ಸುಮ್ನೆ ಹೋಯ್ತೋ, ಅದು ಗೊತ್ತಾಗ್ಬೇಕಲ್ಲ ಮೇಡಂ. ಹಿಂದೆ ಕೂರೋದು ಮಗು. ಬನ್ನಿ, ಇವತ್ತು ನಾನು ಓಡಿಸ್ತೀನಿ.”

ಮಾರ್ಚ್ ಬಿಸಿಲಿನಲ್ಲಿ ಇಬ್ಬರೂ ಗುಡ್ಡದ ರಸ್ತೆ ಹಿಡಿದರು. ಹದಿನೇಳನೆಯ ಕಿಲೋಮೀಟರಿನಲ್ಲಿ ಇಂಜಿನ್ ಅಬ್ಬರಿಸಿತು, ಚಕ್ರಗಳಿಗೆ ಎಳೆತ ತಪ್ಪಿತು. ಮೆಕ್ಯಾನಿಕ್ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ನಕ್ಕ. ಗಾಡಿ ಕೆಟ್ಟಿದ್ದಕ್ಕೆ ಸಂತೋಷಪಟ್ಟ ಮೆಕ್ಯಾನಿಕ್‌ನನ್ನು ಶಿಕ್ಷಕಿ ಅಂದೇ ಕಂಡದ್ದು. ತಣ್ಣಗಾಗಲು ಬಿಡಿ ಎಂದು ಅವಳು ಹೇಳಿದಳು. ತಣ್ಣಗಾದರೆ ಮತ್ತೆ ಸುಳ್ಳು ಹೇಳುತ್ತದೆ ಎಂದು ಅವನು ಕೈ ಸುಟ್ಟುಕೊಂಡೇ ಹೊಸ ವೈರ್ ಹಾಕಿದ. ಅದೇ ಬಿಸಿಯಲ್ಲಿ ಕಾರು ಗುಡ್ಡದ ನೆತ್ತಿ ಮುಟ್ಟಿತು.

ಗ್ಯಾರೇಜಿಗೆ ಮರಳಿ, ಕೈ ತೊಳೆದು, ಆಮೇಲೆ ಡಬ್ಬಿ ತೆರೆದ. ಮರುದಿನ ಹಿಂದಿನ ಸೀಟಿನಲ್ಲಿ ಮಗು ಕೂತಿತ್ತು.

ಗುರು ಕತೆ ನಿಲ್ಲಿಸಿದರು. “ನಾನು ಹೆಚ್ಚು ಜನರಿಗೆ ಕೈಮುಗಿದವನಲ್ಲ. ಆ ಮನುಷ್ಯನಿಗೆ ಮುಗಿಯುತ್ತೇನೆ. ತನ್ನ ಗೆಲುವನ್ನು ತಾನೇ ಬಿಚ್ಚಿ ನೋಡಿದವರನ್ನು ನಾನು ಬೇರೆ ಕಂಡಿಲ್ಲ, ಮಠಗಳಲ್ಲೂ.”

ನಿರ್ವಾಣಪ್ಪ ತಲೆದೂಗಿದ. ಕತೆ ಅವನಿಗೆ ಬಹಳ ಹಿಡಿಸಿತ್ತು. ಮತ್ತೆ ಕೇಳಿದ: “ಹಾಗಾದರೆ ಹೆಂಡತಿಗೆ ಬರೆಯಲೇ, ಬೇಡವೇ ಗುರುಗಳೇ?”

“ನಾಡಿದ್ದು ಬರೆಯುವೆಯಂತೆ, ನಾಳೆ ಬೆಳಗಿನ ಬಸ್ಸಿಗೆ ನಿನ್ನ ಅಣ್ಣ ಬರುತ್ತಾನೆ, ನಾನೇ ಕರೆಸಿದ್ದೇನೆ.”