ಪಟ್ಟದ ಅಂಗಿ

ಶಿಷ್ಯ ಕೇಳಿದ: "ನಾಳೆ ನನಗೆ ಕಾವಿ ಕೊಡುತ್ತೀರಿ. ಆಮೇಲೆ ನನ್ನ ತಾಯಿಯೂ ನನಗೆ ಅಡ್ಡಬೀಳಬೇಕಂತೆ. ಆಗ ನಾನು ಅವಳನ್ನು ಅವ್ವ ಎಂದು ಕರೆಯಬಹುದೇ?"

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಬ್ರಿಟಿಷರ ಕಾಲ. ಒಂದು ಸಣ್ಣ ಸಂಸ್ಥಾನ. ದೊರೆ ಸತ್ತ. ಮಗನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನನ್ನೇ ಗಾದಿಯ ಮೇಲೆ ಕೂರಿಸಿದರು. ಆದರೆ ಬ್ರಿಟಿಷ್ ಸಾಹೇಬ ಬಂದು, ನೋಡಿ, ಒಪ್ಪಬೇಕು. ಹುಡುಗ ಕೈಲಾಗದವನು ಎಂದು ಕಂಡರೆ ಪಟ್ಟ ಚಿಕ್ಕಪ್ಪನಿಗೆ. ಚಿಕ್ಕಪ್ಪ ಪಟ್ಟಕ್ಕೆ ಬಂದರೆ ತಾನೂ ಮಗನೂ ಬದುಕಿ ಉಳಿಯುವುದಿಲ್ಲ ಎಂದು ರಾಣಿಗೆ ಗೊತ್ತಿತ್ತು.

ಹುಡುಗ ಕಾಯಿಲೆಯವನು. ಕೂತಲ್ಲೇ ಬಾಗಿಹೋಗುತ್ತಿದ್ದ. ಹುಟ್ಟಿದಾಗಿನಿಂದ ಅಂತಃಪುರ ಬಿಟ್ಟು ಹೊರಗೆ ಬಂದವನಲ್ಲ. ಅವನ ಮುಖ ಬಲ್ಲವರು ರಾಣಿ ಮತ್ತು ದಾದಿ, ಇಬ್ಬರೇ.

ರಾಣಿ ಅರಮನೆಯ ದರ್ಜಿಯನ್ನು ಕರೆಸಿದಳು.

"ದರ್ಬಾರು ಮುಗಿಯುವ ತನಕ ಮಗು ನೆಟ್ಟಗೆ ಕೂರಬೇಕು," ಎಂದಳು.

"ಮಗು ಕೂರದಿದ್ದರೂ ಅಂಗಿ ಕೂರುವ ಹಾಗೆ ಹೊಲಿಯುತ್ತೇನೆ, ತಾಯಿ," ಎಂದ ದರ್ಜಿ.

ದಾದಿ ಹುಡುಗನ ಅಳತೆಯನ್ನು ದಾರದಲ್ಲಿ ತಂದುಕೊಟ್ಟಳು. ದರ್ಜಿ ಜರತಾರಿ ನಿಲುವಂಗಿ ಹೊಲಿದ. ಒಳಗೆ ದಪ್ಪ ಕಿತ್ತಾನಿನ ಬಟ್ಟೆ ಕೊಟ್ಟ. ಕಿತ್ತಾನಿನ ನಡುವೆ ಬೆತ್ತದ ಸೀಳು ಕೂರಿಸಿದ. ಕೊರಳಪಟ್ಟಿ ಕಿವಿಯವರೆಗೆ, ಅಂಚು ಪಾದದವರೆಗೆ. ಕೈಗೆ ಬಿಳಿಯ ಗವಸು. ತಲೆಗೆ ಪೇಟ. ಪೇಟದಿಂದ ಮುತ್ತಿನ ಸರಗಳು ಮುಖ ಮುಚ್ಚುವಂತೆ ಇಳಿದಿದ್ದವು.

ಆ ಸಂಸ್ಥಾನದಲ್ಲಿ ಒಂದು ಪದ್ಧತಿ. ಗಾದಿಯ ಮೇಲಿರುವವನ ಮುಖವನ್ನು ಯಾರೂ ನೋಡಬಾರದು. ದಿವಾನನಾಗಲಿ ಬಾಗಿಲು ಕಾಯುವವನಾಗಲಿ, ಅಂಗಿಯ ಅಂಚಿಗೆ ಕಣ್ಣಿಟ್ಟು ಬಾಗಿ ಮುಜುರೆ ಮಾಡಬೇಕು. ಅವರಿಗೆ ದೊರೆಯ ಗುರುತೆಂದರೆ ಆ ಅಂಚು.

ಮೊದಲ ದರ್ಬಾರಿನಲ್ಲಿ ಹುಡುಗ ಅಂಗಿಯೊಳಗೇ ಎಚ್ಚರ ತಪ್ಪಿದ. ಅಂಗಿ ಬಾಗಲಿಲ್ಲ. ತೆರೆಯ ಹಿಂದೆ ಕೂತ ರಾಣಿಗೆ ಮಾತ್ರ ಗೊತ್ತಾಯಿತು. ಉಸಿರಿಗೆ ಅಲುಗುತ್ತಿದ್ದ ಮುತ್ತಿನ ಸರಗಳು ಅಲುಗುವುದು ಕಡಿಮೆಯಾಗಿತ್ತು. ಅವಳು ಏಳಲಿಲ್ಲ. ದರ್ಬಾರು ಮುಗಿಯಿತು. "ನಮ್ಮ ದೊರೆ ಕಲ್ಲಿನ ಹಾಗೆ ಕೂತಿದ್ದರು," ಎಂದು ಜನ ಮೆಚ್ಚಿಕೊಂಡು ಹೋದರು. ಅಂಗಿ ಬಿಚ್ಚಿದಾಗ ಹುಡುಗನ ಬೆನ್ನ ಮೇಲೆ ಬೆತ್ತದ ಬರೆ ಎದ್ದಿತ್ತು.

ಮುಂದಿನ ದರ್ಬಾರಿಗೆ ಅವನಿಗೆ ಜ್ವರ. ದರ್ಬಾರು ನಿಲ್ಲಿಸಿದರೆ ಸುದ್ದಿ ಚಿಕ್ಕಪ್ಪನಿಗೆ ಮುಟ್ಟುತ್ತದೆ. ಬಾಗಿಲು ತೆರೆಯುವ ಮೊದಲು ರಾಣಿ ಮತ್ತು ದಾದಿ ಬರಿ ಅಂಗಿಯನ್ನು ತಂದು ಗಾದಿಯ ಮೇಲಿಟ್ಟರು. ಗವಸಿಗೆ ಹತ್ತಿ ತುಂಬಿದರು. ಪೇಟವನ್ನು ಮರದ ಅಚ್ಚಿನ ಸಮೇತ ಕೊರಳ ಮೇಲೆ ಕೂರಿಸಿದರು. ಬಾಗಿಲು ತೆರೆಯಿತು. ಎಲ್ಲರೂ ಬಂದು ಮುಜುರೆ ಮಾಡಿದರು. ಚಿಕ್ಕಪ್ಪನೂ ಮಾಡಿದ.

ಒಬ್ಬ ರೈತ ಕೆರೆಯ ನೀರಿಗಾಗಿ ಬೇಡಿಕೊಂಡ. ಪೇಟದಲ್ಲಿ ಸಿಕ್ಕಿಸಿದ್ದ ಹೂವು ಬಲಕ್ಕೆ ಬಿತ್ತು. ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆಯಾದಂತೆ. ದಿವಾನ ಹಾಗೆಯೇ ಬರೆದುಕೊಂಡ. ಅವತ್ತು ಗಾಳಿ ಇರಲಿಲ್ಲ. ತೆರೆಯ ಹಿಂದಿನಿಂದ ರಾಣಿ ನೋಡುತ್ತಿದ್ದಳು. ಮುತ್ತಿನ ಸರಗಳು ಮೆಲ್ಲಗೆ ಅಲುಗುತ್ತಿದ್ದವು. ಮಗನ ಉಸಿರಿಗೆ ಅಲುಗಿದ್ದಕ್ಕಿಂತ ಹದವಾಗಿ ಅಲುಗುತ್ತಿದ್ದವು. ಅವಳು ಕಣ್ಣುಜ್ಜಿಕೊಂಡು ನೋಡಿದಳು. ಬರಬರುತ್ತಾ ಕಣ್ಣುಜ್ಜಿಕೊಳ್ಳುವುದನ್ನು ಬಿಟ್ಟಳು.

ಹುಡುಗನ ಜ್ವರ ಇಳಿಯಿತು. ರಾಣಿ ಅವನನ್ನು ದರ್ಬಾರಿಗೆ ಕರೆಯಲಿಲ್ಲ.

"ಅವ್ವ, ಇವತ್ತು ನಾನು ಕೂರಲಾ?" ಎಂದು ಅವನೇ ಕೇಳಿದ.

"ನೀನು ಕೂತರೆ ಕೆಮ್ಮುತ್ತೀಯ."

"ಅದು ಕೆಮ್ಮಲ್ವಾ?"

"ಅದು ಕೆಮ್ಮುವುದಿಲ್ಲ."

"ಹಾಗಾದರೆ ಅದಕ್ಕೇ ಊಟ ಹಾಕು," ಎಂದು ಹುಡುಗ ನಕ್ಕ.

ರಾಣಿ ನಗಲಿಲ್ಲ. ಅಂಗಿಯ ಮುಂದೆ ಬೆಳ್ಳಿ ತಟ್ಟೆ ಇಡುವುದು ಆಗಲೇ ರೂಢಿಯಾಗಿತ್ತು.

ಸಾಹೇಬ ಬಂದ. ತುಂಬಿದ ದರ್ಬಾರು. ಸಾಹೇಬನಿಗೂ ಗಾದಿಯ ಮುಂದೆ ಹಾಸಿದ ರತ್ನಗಂಬಳಿಯ ಅಂಚಿನವರೆಗೆ ಮಾತ್ರ ಬರಲು ಅಪ್ಪಣೆ. ಅವನು ಅಲ್ಲಿ ನಿಂತು ಗಾದಿಯ ಕಡೆ ಬಹಳ ಹೊತ್ತು ನೋಡಿದ. ಒಪ್ಪಿಗೆಯ ಕಾಗದಕ್ಕೆ ರುಜು ಮಾಡಲು ಲೇಖನಿ ತೆಗೆದ. ಅಷ್ಟರಲ್ಲಿ ಪಕ್ಕದ ಬಾಗಿಲು ತಳ್ಳಿಕೊಂಡು ಹುಡುಗ ಒಳಗೆ ಬಂದ. ಮೈಮೇಲೆ ಒಂದು ತುಂಡು ಪಂಚೆ.

"ಅವ್ವ, ಹಸಿವು," ಎಂದ.

ಎಲ್ಲರಿಗೂ ಕೇಳಿಸಿತು. ಸಾಹೇಬ ಲೇಖನಿ ತಡೆದು ದುಭಾಷಿಯ ಕಡೆ ತಿರುಗಿದ. ದುಭಾಷಿ ತೆರೆಯ ಕಡೆ ತಿರುಗಿ, "ಇದು ಯಾರ ಮಗು ಎಂದು ಕೇಳುತ್ತಿದ್ದಾರೆ," ಎಂದ. ಚಿಕ್ಕಪ್ಪ ಅಂಗಿಯ ಅಂಚಿನಿಂದ ಕಣ್ಣು ಎತ್ತಿದ. ಹುಡುಗನನ್ನು ನೋಡಿದ. ತೆರೆಯನ್ನು ನೋಡಿದ.

ರಾಣಿಯ ಕೈ ತೆರೆಯ ಮೇಲಿತ್ತು. ಸರಿಸಿದರೆ ಮಗ. ಸರಿಸದಿದ್ದರೆ ಪಟ್ಟ. ಪಟ್ಟ ಉಳಿದರೆ ತಾನೇ ಮಗನೂ ಉಳಿಯುವುದು ಎಂದುಕೊಂಡಳು. ಗಾದಿಯ ಮೇಲೆ ಮುತ್ತಿನ ಸರಗಳು ಅಲುಗುವುದು ನಿಂತಿತ್ತು. ಅದೂ ಉಸಿರು ಬಿಗಿಹಿಡಿದಂತಿತ್ತು.

"ದಾದಿಯ ಮಗ. ಹೊರಗೆ ಕಳಿಸಿ," ಎಂದಳು.

ಹುಡುಗ ಅಳಲಿಲ್ಲ. ಗಾದಿಯ ಕಡೆ ತಿರುಗಿದ. ಎಲ್ಲರಂತೆ ಅಂಗಿಯ ಅಂಚಿಗೆ ಕಣ್ಣಿಟ್ಟು ಮುಜುರೆ ಮಾಡಿದ. ದೊರೆಗೆ ಬೆನ್ನು ತೋರಿಸಬಾರದೆಂದು ಹಿಂದಹಿಂದಕ್ಕೇ ನಡೆದು ಬಾಗಿಲು ದಾಟಿದ. ಸರಗಳು ಮತ್ತೆ ಅಲುಗಿದವು. ಚಿಕ್ಕಪ್ಪ ಕಣ್ಣು ಇಳಿಸಿದ. ಸಾಹೇಬ ರುಜು ಹಾಕಿದ. "ಇಷ್ಟು ಶಿಸ್ತಿನ ಮಗುವನ್ನು ಎಲ್ಲೂ ನೋಡಿಲ್ಲ," ಎಂದು ಹೇಳಿ ಹೋದ.

ಸಂಜೆ ದಾದಿ ಬಂದಳು. "ತಾಯಿ, ಮಗು ಎಲ್ಲೂ ಕಾಣಿಸ್ತಿಲ್ಲ. ಕಾವಲಿನವರನ್ನು ಕೇಳಲಾ?"

"ಏನಂತ ಕೇಳ್ತೀಯ? ಮಗು ಗಾದಿಯ ಮೇಲಿದೆ."

ದಾದಿ ಅವಳ ಮುಖ ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ರಾಣಿ ಒಬ್ಬಳೇ ತೋಟದಲ್ಲಿ ಹುಡುಕಿದಳು. ಲಾಯದಲ್ಲಿ ಹುಡುಕಿದಳು. ಕೊಳದ ನೀರನ್ನು ಬಗ್ಗಿ ನೋಡಿದಳು. ಹೆಸರು ಹಿಡಿದು ಕೂಗುವಂತಿರಲಿಲ್ಲ. ಅದು ದೊರೆಯ ಹೆಸರು. ಯಾರನ್ನೂ ಕೇಳುವಂತಿರಲಿಲ್ಲ. ಕೇಳಿದರೆ ಗಾದಿಯ ಮೇಲಿರುವುದು ಯಾರು ಎಂಬ ಮಾತು ಬರುತ್ತಿತ್ತು. ಕತ್ತಲಾಗುವ ಮೊದಲು ಹಿಂತಿರುಗಿ ಬೆಳ್ಳಿ ತಟ್ಟೆ ಇಟ್ಟಳು.

ಹುಡುಗ ಸಿಗಲಿಲ್ಲ. ಅಂಗಿ ಆಳಿತು. ವರ್ಷಕ್ಕೊಮ್ಮೆ ದರ್ಜಿ ಅದನ್ನು ಬಿಚ್ಚಿ ದೊಡ್ಡದು ಮಾಡುತ್ತಿದ್ದ. ದಾದಿ ತಂದುಕೊಡುವ ದಾರ ಪ್ರತಿ ವರ್ಷವೂ ಸ್ವಲ್ಪ ಉದ್ದವಾಗಿರುತ್ತಿತ್ತು. ಅದನ್ನು ರಾಣಿಯೇ ಕತ್ತರಿಸಿ ಕೊಡುತ್ತಿದ್ದಳು. ವಯಸ್ಸು ಬಂದಾಗ ಅಂಗಿಗೆ ಹೆಣ್ಣು ತಂದು ಮದುವೆ ಮಾಡಿದರು. ಹೆಣ್ಣು ತಲೆ ಎತ್ತಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ.

"ಆ ಹುಡುಗ ಎಲ್ಲಿಗೆ ಹೋದ?" ಎಂದು ಕೇಳಿದ.

"ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದವನು ನೀನೇ ಮೊದಲು," ಎಂದರು ಗುರುಗಳು.