ಕೆಂಚಿ ಮತ್ತೆ ಕೊರಕಲು ಹಾರಿದಳು

ಕೆಂಚಿ ಬಿದ್ದದ್ದು ಕೆಂಚಿಯ ತಪ್ಪಲ್ಲ. ಬೀಳಿಸಿದವನು ಬೇರೆ. ಬೀಳಿಸಿದವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆ ಮುಗಿಯುವವರೆಗೆ ಮರೆಯಬೇಡಿ.

ಬಾರೆಗುಡ್ಡದ ಕೆಳಗೊಂದು ಹುಲ್ಲುಬಯಲು. ಬಯಲಿನ ನಡುವೆ ಆಳವಾದ ಕೊರಕಲು. ಪ್ರಾಣಿಗಳ ವಾಸ ಈಚೆ ದಡದಲ್ಲಿ. ಹಸಿರು ಹುಲ್ಲೆಲ್ಲ ಆಚೆ ದಡದಲ್ಲಿ. ಆ ಹುಲ್ಲಿನಲ್ಲಿ ಒಮ್ಮೊಮ್ಮೆ ಚಿರತೆ ಅಡಗಿ ಕೂತಿರುತ್ತಿತ್ತು.

ಅದಕ್ಕೇ ಅಲ್ಲೊಂದು ಕಟ್ಟಳೆ. ಬೆಳಗಾದ ಕೂಡಲೇ ಕೆಂಚಿ ಎಂಬ ಕೆಂಪು ಕುದುರೆ ಒಂದೇ ನೆಗೆತಕ್ಕೆ ಕೊರಕಲು ಹಾರಬೇಕು. ಆಚೆಯ ಬಯಲನ್ನು ಒಂದು ಸುತ್ತು ಓಡಿ ನೋಡಬೇಕು. ಚಿರತೆ ಇದ್ದರೆ ಹಾರಿ ವಾಪಸು ಬರಬೇಕು. ಇಲ್ಲದಿದ್ದರೆ ಕೆನೆಯಬೇಕು. ಆ ಕೆನೆತ ಕೇಳಿದ ಮೇಲೆಯೇ ಉಳಿದವರು ಬಳಸುದಾರಿ ಹಿಡಿದು ಮೇಯಲು ಹೊರಡುತ್ತಿದ್ದರು. ಇದಕ್ಕೆ ‘ಮುನ್ನೆಗೆತ’ ಎಂದು ಹೆಸರು. ಕೆಂಚಿಯ ಅಜ್ಜಿ ಹಾರಿದ್ದಳು, ಅವ್ವ ಹಾರಿದ್ದಳು, ಈಗ ಕೆಂಚಿ. ಮೂರು ತಲೆಮಾರಿನ ಗೊರಸು ಬಿದ್ದು ಅವರು ನೆಗೆಯುವ ಈಚೆ ದಡದ ನೆಲ ಬಂಡೆಯಂತೆ ಗಟ್ಟಿಯಾಗಿತ್ತು.

ಬಯಲಿನ ಯಜಮಾನ ಗುಡಾಣಪ್ಪ ಎಂಬ ಕೋಣ. ಹೆಸರಿಗೆ ತಕ್ಕಂತೆ ದೊಡ್ಡ ಮಡಕೆಯಂಥ ಹೊಟ್ಟೆ. ಒಂದು ಸಂಜೆ ಅವನು ಹೊಂಡದಲ್ಲಿ ಮಿಂದು, ಮೈತುಂಬ ನೀರು ಸುರಿಸುತ್ತ ಬಂದು, ತಂಗಾಳಿ ಬೀಸುತ್ತದೆಂದು ಆ ದಡದ ಮೇಲೆಯೇ ಹೊರಳಾಡಿದ. ಬೆಳಗಾಗುವಷ್ಟರಲ್ಲಿ ಮಣ್ಣಿನ ಮೇಲ್ಪದರ ಒಣಗಿತ್ತು. ಒಳಗೆ ಬರೀ ಕೆಸರು.

ಕೆಂಚಿ ಎಂದಿನಂತೆ ಓಡಿ ಬಂದಳು. ಹಿಂಗಾಲು ಊರಿದಳು. ಕಾಲು ಜಾರಿತು. ದಬಕ್ಕನೆ ಕೊರಕಲಿಗೆ ಬಿದ್ದಳು.

ಗುಡಾಣಪ್ಪ ಹೊಟ್ಟೆ ಕುಣಿಸಿಕೊಂಡು ನಕ್ಕ. “ಅವ್ವ, ಅಜ್ಜಿ ಹಾರಿದರಂತೆ, ಮೊಮ್ಮಗಳು ಉರುಳಿದಳಂತೆ!” ಅವನ ಬೆನ್ನಮೇಲೆ ಕೂತು ಉಣ್ಣೆಹುಳು ಹೆಕ್ಕುವ ಗೊರವಂಕ ಬಯಲಿಗೆಲ್ಲ ಸಾರಿತು: “ಉರುಳು ಕೆಂಚಿ! ಉರುಳು ಕೆಂಚಿ!” ಎಲ್ಲರೂ ನಕ್ಕರು. ನೆಲ ಮುಟ್ಟಿ ನೋಡಿದವರು ಒಬ್ಬರೂ ಇಲ್ಲ.

ಮೈಗೆ ಆದ ಗಾಯ ಹತ್ತು ದಿನದಲ್ಲಿ ಮಾಯಿತು. ಆದರೆ ದಡದ ಹತ್ತಿರ ಬಂದರೆ ಸಾಕು, ಕೆಂಚಿ ಹಿಂದಕ್ಕೆ ಸರಿದುಬಿಡುತ್ತಿದ್ದಳು.

ಗುಡಾಣಪ್ಪ ತೀರ್ಪು ಕೊಟ್ಟ. “ಹುಣ್ಣಿಮೆ ಕಳೆದ ಬೆಳಿಗ್ಗೆ ಎಲ್ಲರ ಮುಂದೆ ಹಾರಬೇಕು. ಅಲ್ಲಿಯವರೆಗೆ ಎಲ್ಲರಿಗೂ ಈಚೆಯ ಒಣಹುಲ್ಲೇ ಗತಿ. ಆಗದಿದ್ದರೆ ಮುನ್ನೆಗೆತ ಚಿಗರೆಗೆ. ಕುದುರೆಯ ಪೈಕಿಯವರು ಇನ್ನು ಮೇಲೆ ಎಲ್ಲರ ಹಿಂದೆ ನಡೆಯಬೇಕು.”

ಕೆಂಚಿ ಜಾಲಿಮರದ ಕೆಳಗೆ ತಲೆ ತಗ್ಗಿಸಿ ನಿಂತಳು. ಬೂದಕ್ಕ ಎಂಬ ಮುದಿ ಕತ್ತೆ ಅಲ್ಲಿಗೆ ಬಂದಳು. ಆಯುಸ್ಸೆಲ್ಲ ಅಗಸರ ಬಟ್ಟೆಗಂಟು ಹೊತ್ತವಳು. ಬಾಯಲ್ಲಿ ಒಂದು ಒಣಕೊಂಬೆ ಕಚ್ಚಿ ತಂದು ಕೆಂಚಿಯ ಮುಂದೆ ಹಾಕಿದಳು.

“ದಾಟು.”

“ಇದನ್ನಾ? ಆಮೆ ಮರಿಯೂ ದಾಟುತ್ತೆ, ಬೂದಕ್ಕ.”

“ಹಾಗಾದ್ರೆ ನಿನಗೇನು ದಾಡಿ? ದಾಟು.”

ಕೆಂಚಿ ಕಾಲೆತ್ತಿದಳು. ಇಳಿಸಿಬಿಟ್ಟಳು. ಕಣ್ಣಲ್ಲಿ ನೀರು ಬಂತು.

“ನನ್ನಿಂದ ಆಗಲ್ಲ.”

“ಇವತ್ತು ಆಗಲ್ಲ ಅನ್ನು. ನಾಳೆ ವಿಷಯ ನಾಳೆಗೆ. ಮೊದಲು ನಾನು ದಾಟಿ ತೋರಿಸ್ತೀನಿ, ನನ್ನ ಬಾಲ ನೋಡ್ಕೊಂಡು ಬಾ.”

ಮೂರನೆಯ ದಿನ ಕೆಂಚಿ ಕೊಂಬೆ ದಾಟಿದಳು. ಖುಷಿಯಿಂದ ಹಿಂದಕ್ಕೆ ತಿರುಗಿದಳು. “ಇನ್ನೊಂದು ಸಲ!”

“ಬೇಡ. ಗೆದ್ದ ರುಚಿ ಬಾಯಲ್ಲಿರುವಾಗಲೇ ಮನೆಗೆ ಹೋಗು” ಎಂದಳು ಬೂದಕ್ಕ.

ಮರುದಿನ ಕೊಂಬೆಯ ಕೆಳಗೆ ಎರಡು ಕಲ್ಲು ಬಂದವು. ಅದರ ಮರುದಿನ ನಾಲ್ಕು. ಆಮೇಲೆ ಒಂದು ಸಣ್ಣ ಕಾಲುವೆ, ಆಮೇಲೆ ಅದಕ್ಕಿಂತ ಅಗಲದ್ದು. ಕೆಂಚಿ ಹೆದರಿದ ದಿನ ಬೂದಕ್ಕ ಹಿಂದಿನ ದಿನದ ಪಾಠಕ್ಕೇ ಮರಳುತ್ತಿದ್ದಳು. ಬೈಯಲಿಲ್ಲ, ಪುಸಲಾಯಿಸಲಿಲ್ಲ. ಗೊರವಂಕ ಮೇಲಿಂದ ಕೂಗಿತು: “ಕತ್ತೆಯ ಹತ್ತಿರ ಕುದುರೆಗೆ ಪಾಠ! ನಾಳೆ ಬಟ್ಟೆಗಂಟು ಹೊರಿಸ್ತಾಳೆ ನೋಡು!”

ಬೂದಕ್ಕ ತಲೆ ಎತ್ತದೆ ಹೇಳಿದಳು. “ಗಂಟು ಹೊತ್ತವಳಿಗೆ ನೆಲ ಗೊತ್ತಿರುತ್ತೆ ಮರೀ. ಇನ್ನೊಬ್ಬರ ಬೆನ್ನಮೇಲೆ ಕೂತು ತಿರುಗೋರಿಗೆ ಏನು ಗೊತ್ತು?”

ಗೊರವಂಕ ಗುಡಾಣಪ್ಪನ ಬೆನ್ನಿಗೇ ಹಾರಿಹೋಯಿತು.

“ಹಾರುವ ಮೊದಲು ಗೊರಸಿನಿಂದ ನೆಲ ಒತ್ತಿ ಕೇಳು” ಎಂದು ಬೂದಕ್ಕ ಕಲಿಸಿದಳು. “ನನ್ನ ಭಾರ ಹೊರ್ತೀಯಾ ಅಂತ ಕೇಳು. ಅದು ಹೂಂ ಅಂದ ಮೇಲೆ ಹಾರು.”

ಒಂದು ದಿನ ಅವಳು ಕೆಂಚಿಯನ್ನು ಬಿದ್ದ ಜಾಗಕ್ಕೇ ಕರೆದುಕೊಂಡು ಹೋದಳು. ಕೆಂಚಿ ಹೆದರುತ್ತಲೇ ಗೊರಸು ಒತ್ತಿದಳು. ಮೇಲಿನ ಮಣ್ಣು ಒಡೆದು ಒಳಗಿಂದ ಕೆಸರು ಪಿಚಕ್ಕೆಂದಿತು. ಅದರಲ್ಲಿ ದೊಡ್ಡ ಮೈಯೊಂದು ಮತ್ತೆ ಮತ್ತೆ ಬಂದು ಹೊರಳಿದ ಅಚ್ಚು. ನಾಲ್ಕಾರು ಕರಿ ಕೂದಲು.

ಕೆಂಚಿಯ ಮೂಗಿನ ಹೊಳ್ಳೆ ಅರಳಿದವು. “ಗುಡಾಣಪ್ಪ! ಈಗಲೇ ಹೋಗಿ ಕೇಳ್ತೀನಿ.”

“ಕೇಳು. ಬಿಡಬೇಡ. ಆದರೆ ಹಾರಿದ ಮೇಲೆ ಕೇಳು. ಬಿದ್ದವಳು ಹೇಳಿದರೆ ನೆಪ ಅಂತಾರೆ.”

ಹುಣ್ಣಿಮೆ ಕಳೆಯಿತು. ಬೆಳಿಗ್ಗೆ ಇಡೀ ಬಯಲು ದಡದಲ್ಲಿ ನೆರೆಯಿತು. ಕೆಂಚಿ ನಡೆದು ಬಂದಳು, ಓಡಿ ಬರಲಿಲ್ಲ. ಅಂಚಿನಲ್ಲಿ ನಿಂತು ಗೊರಸು ಒತ್ತಿದಳು. ನೆಲ ಮೆತ್ತಗಿತ್ತು. ಗುಡಾಣಪ್ಪ ಹಿಂದಿನ ಸಂಜೆಯೂ ಅಲ್ಲೇ ಹೊರಳಿದ್ದ. ಕೆಂಚಿ ಹಿಂದೆ ಸರಿದಳು.

“ಹೆದರಿದಳು! ಉರುಳು ಕೆಂಚಿ!” ಎಂದಿತು ಗೊರವಂಕ.

“ಈ ನೆಲ ಸರಿ ಇಲ್ಲ” ಎಂದಳು ಕೆಂಚಿ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!” ಗುಡಾಣಪ್ಪ ಗುಟುರು ಹಾಕಿದ. “ನಮ್ಮ ಹಿರಿಯರ ಕಾಲದ ನೆಲ ಇದು. ಕಲ್ಲು! ನೋಡಿ ಎಲ್ಲರೂ!” ಎಂದು ಅಂಚಿಗೆ ಬಂದು ಧೊಪ್ ಎಂದು ಕಾಲು ಬಡಿದ.

ನೆಲ ಕುಸಿಯಿತು. ಗುಡಾಣಪ್ಪ ಗುಡಾಣದಂತೆಯೇ ಉರುಳುತ್ತ ಹೋಗಿ ಕೊರಕಲಿನ ತಳದ ರಾಡಿಯಲ್ಲಿ ಕೂತ. ಗೊರವಂಕ ಹಾರಿ ಜಾಲಿಮರ ಸೇರಿತು.

ಕೆಂಚಿ ಅತ್ತ ನೋಡಲಿಲ್ಲ. ಹತ್ತು ಹೆಜ್ಜೆ ಪಕ್ಕಕ್ಕೆ ಹೋದಳು. ಅಲ್ಲಿ ಕೊರಕಲು ಇನ್ನೂ ಒಂದು ಮೊಳ ಅಗಲ, ಆದರೆ ನೆಲ ಒಣಗಿತ್ತು. ಒತ್ತಿ ಕೇಳಿದಳು. ನೆಲ ಹೂಂ ಅಂದಿತು. ಹಿಂದಕ್ಕೆ ಹೋದಳು. ಓಡಿ ಬಂದಳು. ಒಂದು ಗಳಿಗೆ ಆ ಕೆಂಪು ಮೈ, ಹಾರುವ ಜೂಲು, ಮಡಿಸಿದ ಮುಂಗಾಲು, ಎಲ್ಲವೂ ಬೆಳಗಿನ ಬಿಸಿಲಲ್ಲಿ ಕೊರಕಲಿನ ಮೇಲೆ ನಿಂತಂತೆ ಕಂಡಿತು. ಅವಳ ಅವ್ವ ಕೂಡ ಅಷ್ಟು ದೂರ ಹಾರಿದವಳಲ್ಲ.

ಆಚೆ ದಡದಲ್ಲಿ ಇಳಿದಳು. ಒಂದು ಸುತ್ತು ಓಡಿದಳು. ಕೆನೆದಳು. ಗುಡ್ಡ ಮಾರ್ದನಿ ಕೊಟ್ಟಿತು. ಬೂದಕ್ಕ ಕಿವಿ ನಿಮಿರಿಸಿ ನಿಂತಳು. ಆ ದಿನ ಅವಳ ಬೆನ್ನೂ ನೆಟ್ಟಗಿತ್ತು.

ಈಚೆ ದಡದವರು ಆಗಲೇ ಕೆಳಗೆ ನೋಡಿ ನಗಲು ಶುರುಮಾಡಿದ್ದರು. “ಉರುಳು ಗುಡಾಣ! ಉರುಳು ಗುಡಾಣ!”

“ನಗಬೇಡಿ!” ಆಚೆಯಿಂದ ಕೆಂಚಿ ಗದರಿದಳು. “ಬಿದ್ದವರನ್ನು ನೋಡಿ ನಗುವ ಬಾಯಿ ಇವತ್ತಿಗೆ ಮುಚ್ಚಲಿ. ಗುಡಾಣಪ್ಪಾ, ಎಡಕ್ಕೆ ಹೋಗು, ಅಲ್ಲಿ ಕಲ್ಲಿನ ಮೆಟ್ಟಿಲಿದೆ, ನಾನು ಹತ್ತಿದ್ದೂ ಅಲ್ಲೇ. ಮೇಲೆ ಬಂದು ಎಲ್ಲರ ಮುಂದೆ ಹೇಳು. ಅವತ್ತು ದಡದಲ್ಲಿ ಕೆಸರು ಮಾಡಿದ್ದು ಯಾರು?”

ಗುಡಾಣಪ್ಪ ಏದುಸಿರು ಬಿಡುತ್ತ ಮೇಲೆ ಬಂದ. ರಾಡಿ ತೊಟ್ಟಿಕ್ಕುತ್ತಿತ್ತು. ಎಲ್ಲರೂ ಕಾದರು.

“ನಾನೇ” ಎಂದ. ದನಿ ಸಣ್ಣದಾಗಿತ್ತು.

“ಕೇಳಿಸಲಿಲ್ಲ!” ಎಂದಳು ಬೂದಕ್ಕ.

“ನಾನೇ ಮಾಡಿದ್ದು! ಕೆಂಚಿಯ ತಪ್ಪಿಲ್ಲ!”

ಅಂದಿನಿಂದ ಆ ದಡದಲ್ಲಿ ಯಾರೂ ಹೊರಳಲಿಲ್ಲ. ಕೆಂಚಿಯ ಮುನ್ನೆಗೆತಕ್ಕೆ ಮೊದಲು ನೆಲ ಒತ್ತಿ ನೋಡುವುದು ಬೂದಕ್ಕನ ಹಕ್ಕಾಯಿತು.

ಮಕ್ಕಳೇ, ನೀವೂ ಯಾರಿಗೋ ಅಡ್ಡಹೆಸರಿಟ್ಟು ನಕ್ಕಿದ್ದೀರಿ. ನನಗೆ ಗೊತ್ತು, ನಿಮಗೂ ಗೊತ್ತು.

ನೀತಿ: ಬಿದ್ದವರ ಕಾಲನ್ನು ದೂರುವ ಮೊದಲು ನೆಲವನ್ನು ಮುಟ್ಟಿ ನೋಡು, ಕೆಸರು ನೀನು ಮಾಡಿದ್ದಾದರೆ ಈಗಲೇ ಎದ್ದು ಹೋಗಿ ಎಲ್ಲರ ಮುಂದೆ ಒಪ್ಪಿಕೋ, ಬಿದ್ದವರ ಮುಂದೆ ಬೂದಕ್ಕನಂತೆ ಮೊದಲ ಕೊಂಬೆಯನ್ನು ನಿನ್ನ ಕೈಯಾರೆ ಇಡು.