ಕೊಳದ ಕಲ್ಲನ್ನು ಓದಿದವನು

“ಗುರುಗಳೇ, ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ ಬಂದೆ. ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತುಹೋಗಿದೆ. ಮರೆಯದೆ ಉಳಿದದ್ದು ಯಾವ ಕೆಲಸಕ್ಕೂ ಬಂದಿಲ್ಲ. ಹಾಗಾದರೆ ಅಲ್ಲಿಂದ ನಾನು ತಂದದ್ದಾದರೂ ಏನು?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ಮೂವರು ಗಂಡುಮಕ್ಕಳು. ಮೊದಲಿಬ್ಬರು ಅಂಗಡಿಯಲ್ಲಿ ಕುಳಿತರು. ಕೊನೆಯವನ ಹೆಸರು ಚೆನ್ನಮಲ್ಲ. ಅವನಿಗೆ ಮಾತು ಕಡಿಮೆ. ಗಿರಾಕಿ ಬಂದರೆ ಬೆಲೆ ಹೇಳಲು ನಾಚುತ್ತಿದ್ದ. ಇವನು ವ್ಯಾಪಾರಕ್ಕೆ ಆಗುವವನಲ್ಲ, ಓದಿಸಿ ವಕೀಲನನ್ನು ಮಾಡೋಣ ಎಂದು ತಂದೆ ನಿಶ್ಚಯಿಸಿದ. ಆಗ ಆ ಸೀಮೆಗೆಲ್ಲ ಇದ್ದದ್ದು ಒಂದೇ ಕಾಲೇಜು. ಊರಿನಿಂದ ಮೂರು ದಿನದ ದಾರಿ.

ಚೆನ್ನಮಲ್ಲ ಕಾಲೇಜಿಗೆ ಬಂದ. ದೊಡ್ಡ ಕಟ್ಟಡ, ಉದ್ದುದ್ದನೆಯ ಮೊಗಸಾಲೆಗಳು. ಎರಡನೆಯ ದಿನವೇ ಅವನಿಗೆ ದಾರಿ ತಪ್ಪಿತು. ತನ್ನ ತರಗತಿಯೆಂದುಕೊಂಡು ಒಂದು ಕೋಣೆಯೊಳಗೆ ಹೋದ. ಅಲ್ಲಿ ಬೆಂಚುಗಳೆಲ್ಲ ಖಾಲಿ. ವಯಸ್ಸಾದ ಒಬ್ಬ ಮೇಷ್ಟ್ರು ಮಾತ್ರ ಕುಳಿತಿದ್ದರು. ಅವನು ಒಳಗೆ ಬಂದದ್ದೇ ತಡ, ನೀನು ಯಾರು ಎಂದೂ ಕೇಳದೆ, ಹಲಗೆಯ ಮೇಲೆ ಒಂದು ಅಕ್ಷರ ಬರೆದು ಪಾಠ ಶುರು ಮಾಡಿದರು. ಅದು ಹಳೆಯ ಶಾಸನಗಳ ಲಿಪಿ. ಜನ ಅದನ್ನು ಬರೆಯುವುದು ನಿಲ್ಲಿಸಿ ನೂರಾರು ವರ್ಷಗಳಾಗಿದ್ದವು.

ನಾನು ಬಂದದ್ದು ಇದಕ್ಕಲ್ಲ ಎಂದು ಹೇಳಲು ಚೆನ್ನಮಲ್ಲನಿಗೆ ಬಾಯಿ ಬರಲಿಲ್ಲ. ಗಂಟೆ ಹೊಡೆಯುವವರೆಗೆ ಕುಳಿತ. ಮರುದಿನ ಸರಿಯಾದ ತರಗತಿ ಯಾವುದೆಂದು ಗೊತ್ತಾಯಿತು. ಆದರೆ ತಾನು ಹೋಗದಿದ್ದರೆ ಆ ಮುದುಕ ಖಾಲಿ ಬೆಂಚುಗಳ ಮುಂದೆ ಕುಳಿತಿರುತ್ತಾರೆ ಎನ್ನುವುದು ಮನಸ್ಸಿನಿಂದ ಹೋಗಲಿಲ್ಲ. ಮತ್ತೆ ಅಲ್ಲಿಗೇ ಹೋದ, ಆ ವಿಭಾಗಕ್ಕೇ ಹೆಸರು ಬರೆಸಿದ. ಹಾಗೆ ಹೋಗುತ್ತಲೇ ನಾಲ್ಕು ವರ್ಷವಾಯಿತು. ಊರಿಗೆ ಬರೆದ ಪತ್ರಗಳಲ್ಲಿ ಓದು ಚೆನ್ನಾಗಿ ನಡೆದಿದೆ ಎಂದಷ್ಟೇ ಬರೆದ.

ಹಾಸ್ಟೆಲಿನಲ್ಲಿ ಅರವತ್ತು ಹುಡುಗರಿದ್ದರು. ಕಾನೂನು ಓದುವವರು ಒಂದು ಸಾಲಿನಲ್ಲಿ ಊಟಕ್ಕೆ ಕುಳಿತು ವಾದ ಮಾಡುವರು. ಗಣಿತದವರು ಇನ್ನೊಂದು ಸಾಲು. ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕುವರು, ಮೇಷ್ಟ್ರುಗಳಿಗೆ ಅಡ್ಡಹೆಸರಿಡುವರು, ರಜೆಯಲ್ಲಿ ಒಬ್ಬರ ಊರಿಗೆ ಇನ್ನೊಬ್ಬರು ಹೋಗುವರು. ಚೆನ್ನಮಲ್ಲ ಯಾವ ಸಾಲಿಗೂ ಸೇರಿದವನಲ್ಲ. ತರಗತಿಯಲ್ಲಿ ಅವನ ಪಕ್ಕ ಕೂರುವವರೇ ಇರಲಿಲ್ಲ. ಇವತ್ತು ಪಾಠ ಕಷ್ಟವಾಗಿತ್ತು ಎಂದು ಹೇಳಿಕೊಂಡರೆ, ಹೌದು ಎನ್ನಲು ಒಬ್ಬನಿಲ್ಲ. ಮೇಷ್ಟ್ರಿಗೆ ಜ್ವರ ಬಂದ ದಿನ ಅವನು ಕೋಣೆಯ ಬಾಗಿಲು ತೆರೆದು, ಒಂದು ಗಂಟೆ ಸುಮ್ಮನೆ ಕುಳಿತು, ಬಾಗಿಲು ಹಾಕಿಕೊಂಡು ಬರುತ್ತಿದ್ದ.

ಮೇಷ್ಟ್ರು ಮಿತಭಾಷಿ. ಚೆನ್ನಾಗಿ ಓದಿದೆ ಎಂದು ಒಂದು ದಿನವೂ ಹೇಳಿದವರಲ್ಲ. ಎರಡನೆಯ ವರ್ಷ ಅವನನ್ನು ದೂರದ ಒಂದು ಹೊಲಕ್ಕೆ ಕಳಿಸಿದರು. ಅಲ್ಲೊಂದು ಶಾಸನದ ಕಲ್ಲು ನಿಂತಿತ್ತು. ಅದನ್ನು ನಕಲು ಮಾಡಿ ತರಬೇಕು. ಎರಡು ದಿನ ನಡೆದು ಹೋದ, ಬರೆದುಕೊಂಡು ಬಂದ. ಮೇಷ್ಟ್ರು ಓದುತ್ತಾ ಹೋದವರು ಒಂದು ಸಾಲಿನಲ್ಲಿ ಬೆರಳಿಟ್ಟು ನಿಂತರು.

“ಈ ಅಕ್ಷರ ಕಲ್ಲಿನಲ್ಲಿ ಇದೆಯೇ?”

“ಇಲ್ಲ, ಸಾರ್. ಅಲ್ಲಿ ಸವೆದುಹೋಗಿದೆ. ಆದರೆ ಅದೇ ಇರಬೇಕು. ಅದನ್ನು ಸೇರಿಸಿದರೇನೇ ಅರ್ಥ ಕೂಡುತ್ತದೆ.”

“ಯಾರಿಗೆ ಕೂಡುತ್ತದೆ?”

ಚೆನ್ನಮಲ್ಲ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡ.

“ಹೋಗಿ ನೋಡಿಕೊಂಡು ಬಾ,” ಎಂದರು ಮೇಷ್ಟ್ರು.

ಮತ್ತೆ ಎರಡು ದಿನದ ದಾರಿ. ಮೊದಲ ದಿನ ಕಳೆದ ಮೇಲೆ ಒಂದು ಮರದ ಕೆಳಗೆ ಕುಳಿತಾಗ ಅವನಿಗೆ ಒಂದು ಯೋಚನೆ ಬಂತು. ಇಲ್ಲಿಂದಲೇ ಹಿಂತಿರುಗಿ, ಹೋಗಿ ನೋಡಿದೆ, ಅಕ್ಷರ ಇಲ್ಲ ಎಂದರೆ ಯಾರಿಗೆ ಗೊತ್ತಾಗುತ್ತದೆ? ಅಕ್ಷರ ಇಲ್ಲದಿರುವುದು ನಿಜವೇ ತಾನೆ? ಕಾಲಿಗೆ ಬೊಬ್ಬೆ ಬಂದಿತ್ತು. ಆ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆಯೂ ಇರಲಿಲ್ಲ. ಬಹಳ ಹೊತ್ತು ಕುಳಿತಿದ್ದ. ಆಮೇಲೆ ಎದ್ದು ಕಲ್ಲಿನ ಕಡೆಗೇ ನಡೆದ. ಯಾಕೆ ನಡೆದೆ ಎಂದು ಅವನನ್ನು ಕೇಳಿದ್ದರೆ ಅವನಿಂದ ಹೇಳಲು ಆಗುತ್ತಿರಲಿಲ್ಲ.

ಬೆಳಿಗ್ಗೆಯ ಬಿಸಿಲಿನಲ್ಲಿ ನೋಡಿದ, ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದ, ನೀರು ಚಿಮುಕಿಸಿ ಬೆರಳಿನಿಂದ ಸವರಿ ನೋಡಿದ. ಅಕ್ಷರ ಇರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ತಂದು ಒಪ್ಪಿಸಿದ. ಮೇಷ್ಟ್ರು ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟರು. ಹೋಗಿದ್ದೆಯಾ ಎಂದೂ ಕೇಳಲಿಲ್ಲ.

ಕೊನೆಯ ವರ್ಷ, ಪರೀಕ್ಷೆಗೆ ಇನ್ನು ಒಂದು ತಿಂಗಳಿರುವಾಗ, ಮೇಷ್ಟ್ರು ತೀರಿಕೊಂಡರು. ಹೆಣದ ಹಿಂದೆ ನಾಲ್ಕೈದು ಜನ ನಡೆದರು. ಆ ಸಂಜೆ ಚೆನ್ನಮಲ್ಲ ಹಾಸ್ಟೆಲಿಗೆ ಬಂದು ಊಟಕ್ಕೆ ಕುಳಿತ. ಯಾರು ಸತ್ತರು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪ್ರಿನ್ಸಿಪಾಲರು ಅವನನ್ನು ಕರೆಸಿದರು. “ನಿನ್ನನ್ನು ಪರೀಕ್ಷೆ ಮಾಡುವವರು ಯಾರೂ ಇಲ್ಲಪ್ಪ. ನೀನು ಬರೆದದ್ದು ಸರಿಯೋ ತಪ್ಪೋ ಹೇಳಬಲ್ಲವರು ನಮ್ಮಲ್ಲಿಲ್ಲ. ಪದವಿ ಹೇಗೆ ಕೊಡಲಿ?” ಎಂದರು. ಅವರ ದನಿಯಲ್ಲಿ ಕನಿಕರವಿತ್ತು. ಆ ವಿಭಾಗವನ್ನೇ ಮುಚ್ಚಿದರು. ಚೆನ್ನಮಲ್ಲ ಬರಿಗೈಯಲ್ಲಿ ಊರಿಗೆ ಬಂದ.

ತಂದೆ ಎಲ್ಲವನ್ನೂ ಕೇಳಿಸಿಕೊಂಡ. ಬೈಯಲಿಲ್ಲ. “ನಾಲ್ಕು ವರ್ಷ ಸತ್ತವರ ಅಕ್ಷರ ತಿದ್ದಿದೆಯಲ್ಲ, ಮಗನೇ,” ಎಂದು ಮಾತ್ರ ಹೇಳಿ ಅಂಗಡಿಗೆ ಹೋದ. ಚೆನ್ನಮಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಥಾನು ಮಡಚುವ ಕೆಲಸಕ್ಕೆ ನಿಂತ. ಊರಿನವರು ಅವನನ್ನು ಓದಿದವನು ಎಂದು ಕರೆಯುತ್ತಿದ್ದರು. ಕರೆದು ನಗುತ್ತಿದ್ದರು. ಹೀಗೆ ಆರು ವರ್ಷ ಕಳೆಯಿತು.

ಆ ಮನೆಯ ಹಿತ್ತಲಿನ ಆಚೆ ಒಂದು ಕೊಳವಿತ್ತು. ಸಿಹಿನೀರಿನ ಕೊಳ. ಅದರ ಸುತ್ತ ಗೋಡೆ, ಗೋಡೆಗೊಂದು ಬಾಗಿಲು, ಬಾಗಿಲಿಗೆ ಬೀಗ. ಅದನ್ನು ತೋಡಿಸಿದವನು ನಮ್ಮ ವಂಶದ ಮೂಲಪುರುಷ ಎಂದು ವ್ಯಾಪಾರಿಯ ತಂದೆ ಹೇಳುತ್ತಿದ್ದ. ವ್ಯಾಪಾರಿಯೂ ಹಾಗೆಯೇ ನಂಬಿದ್ದ. ಗೋಡೆಯ ಆಚೆಗೆ ಕುಂಬಾರರ ಕೇರಿ. ಅವರ ಬಾವಿಯ ನೀರು ಸವಳು. ಅವರ ಹೆಂಗಸರು ಕುಡಿಯುವ ನೀರಿಗೆ ಒಂದು ಹರದಾರಿ ನಡೆದು ಹಳ್ಳಕ್ಕೆ ಹೋಗುತ್ತಿದ್ದರು. ಕೊಳ ಎಲ್ಲರದು, ನಮ್ಮ ಹಿರಿಯರು ಅದರ ನೀರು ಕುಡಿಯುತ್ತಿದ್ದರು ಎಂದು ಅವರು ಹೇಳುತ್ತಿದ್ದರು. ಅದಕ್ಕೆ ಸಾಕ್ಷಿಯಿರಲಿಲ್ಲ.

ಒಂದು ಬೇಸಿಗೆಯಲ್ಲಿ ವ್ಯಾಪಾರಿ ಕೊಳದ ಹೂಳು ತೆಗೆಸಿದ. ಕೂಲಿಗೆ ಬಂದವರು ಕುಂಬಾರರ ಕೇರಿಯವರೇ. ತಳದ ಕೆಸರಿನಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಕಲ್ಲಿನ ತುಂಬ ಹಳೆಯ ಅಕ್ಷರ. ಸುದ್ದಿ ಊರಿಗೆಲ್ಲ ಹರಡಿತು. ಹಿರಿಯರು ಸೇರಿದರು. ಕಲ್ಲು ಏನು ಹೇಳುತ್ತದೋ ಅದಕ್ಕೆ ಎರಡೂ ಕಡೆಯವರು ಬದ್ಧರು ಎಂದು ಮಾತಾಯಿತು. ಪದವಿಯಿಲ್ಲದ ಚೆನ್ನಮಲ್ಲನನ್ನು ಲೆಕ್ಕಕ್ಕೆ ಹಿಡಿಯದೆ, ಕಲ್ಲನ್ನು ಯಾರೂ ಮುಟ್ಟದಂತೆ ಕಾವಲಿಟ್ಟು, ಓದುವವರನ್ನು ಕಳಿಸಿ ಎಂದು ಕಾಲೇಜಿಗೆ ಕಾಗದ ಬರೆದರು. ಹದಿನೈದು ದಿನಕ್ಕೆ ಉತ್ತರ ಬಂತು. ‘ಆ ಲಿಪಿ ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಬಲ್ಲವನು ಒಬ್ಬನೇ, ಅವನು ನಿಮ್ಮ ಊರಿನವನು’ ಎಂದಿತ್ತು.

ಅದನ್ನು ಕೇಳಿ ಕುಂಬಾರರ ಹಿರಿಯ ಎದ್ದುನಿಂತ. “ಇನ್ನು ಓದಿಸುವುದೇನಿದೆ? ಅವರ ಮನೆಯ ಮಗ ಅವರ ಮನೆಯ ಮಾತನ್ನೇ ಓದುತ್ತಾನೆ,” ಎಂದು ಹೇಳಿ ಹೊರಟುಹೋದ. ಆದರೂ ಮರುದಿನಕ್ಕೆ ಸಭೆ ಗೊತ್ತುಮಾಡಿದರು.

ಅಂದು ಮಧ್ಯಾಹ್ನ ಚೆನ್ನಮಲ್ಲ ಕಲ್ಲನ್ನು ತೊಳೆದು ಒಬ್ಬನೇ ಓದಿದ. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದ. ಮೇಷ್ಟ್ರು ಇದ್ದಿದ್ದರೆ ಒಮ್ಮೆ ತೋರಿಸಬಹುದಿತ್ತು ಎನಿಸಿತು. ತಪ್ಪು ಓದಿದ್ದೀಯೆ ಎಂದು ಅವರು ಹೇಳಲಿ ಎಂದು ಆ ಒಂದು ದಿನ ಅವನು ಆಸೆಪಟ್ಟ. ಆದರೆ ಅಕ್ಷರಗಳು ಸ್ಪಷ್ಟವಾಗಿದ್ದವು.

ತಂದೆ ಬಂದು ಪಕ್ಕದಲ್ಲಿ ನಿಂತ. “ಏನಿದೆ?” ಎಂದ.

ಚೆನ್ನಮಲ್ಲ ಇದ್ದದ್ದನ್ನು ಹೇಳಿದ.

ವ್ಯಾಪಾರಿ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಅವನು ಕೆಟ್ಟವನಲ್ಲ. ತಂದೆ ಹೇಳಿದ್ದನ್ನು ನಂಬಿ ಬದುಕಿದವನು. “ನಮ್ಮಪ್ಪ ಸುಳ್ಳುಗಾರನಾದನೇ?” ಎಂದ. ಆಮೇಲೆ ಕೇಳಿದ, “ಇದನ್ನು ಬೇರೆ ಯಾರು ಓದಬಲ್ಲರು?”

“ಯಾರೂ ಇಲ್ಲ, ಅಪ್ಪ.”

“ಯಾವತ್ತಿಗಾದರೂ?”

“ನನಗೆ ಗೊತ್ತಿದ್ದ ಮಟ್ಟಿಗೆ ಇಲ್ಲ.”

“ಹಾಗಾದರೆ ನಾಳೆ ಏನು ಓದಬೇಕೆಂದು ನಾನು ಹೇಳಬೇಕಾಗಿಲ್ಲ. ನೀನು ಈ ಮನೆಯಲ್ಲಿ ಹುಟ್ಟಿದವನು.”

ಸಂಜೆ ಊಟ ಬಡಿಸುವಾಗ ತಾಯಿ ಅವನ ತಲೆ ಸವರಿದಳು. “ನಿಮ್ಮಜ್ಜನ ಹೆಸರು ನಿನ್ನ ಬಾಯಲ್ಲಿದೆಯಪ್ಪ,” ಎಂದಳು. ಎಷ್ಟೋ ವರ್ಷಗಳ ಮೇಲೆ ಆ ದಿನ ಅಣ್ಣಂದಿರು ಅವನನ್ನು ತಮ್ಮ ನಡುವೆ ಕೂರಿಸಿಕೊಂಡು ಉಂಡರು.

ಮರುದಿನ ಕೊಳದ ಬಳಿ ಊರೇ ಸೇರಿತು. ಒಂದು ಕಡೆ ವ್ಯಾಪಾರಿಯ ಕಡೆಯವರು, ಇನ್ನೊಂದು ಕಡೆ ಕುಂಬಾರರು. ಚೆನ್ನಮಲ್ಲ ಕಲ್ಲಿನ ಮುಂದೆ ಮಂಡಿಯೂರಿ, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ ಓದಿದ.

“ಈ ಊರ ಕುಂಬಾರನ ಹೆಂಡತಿ ತನ್ನ ದುಡಿಮೆಯಿಂದ ಈ ಕೊಳ ತೋಡಿಸಿದಳು. ಊರವರು, ದಾರಿಹೋಕರು, ದನಕರುಗಳು ಇದರ ನೀರು ಕುಡಿಯಲಿ. ಇದಕ್ಕೆ ಬೇಲಿ ಹಾಕಬಾರದು.”

ಕುಂಬಾರರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ವ್ಯಾಪಾರಿ ಸೊಂಟದಿಂದ ಬೀಗದ ಕೈ ಬಿಚ್ಚಿ ನೆಲದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದ.

ಆಗ ಕುಂಬಾರರ ಹಿರಿಯ ಮುಂದೆ ಬಂದ. ಅವನ ಕಣ್ಣು ತುಂಬಿತ್ತು. “ಅಪ್ಪಾ, ಆ ಹೆಣ್ಣುಮಗಳ ಹೆಸರು ಓದಲಿಲ್ಲವಲ್ಲ?” ಎಂದ.

“ಹೆಸರಿನ ಜಾಗದಲ್ಲಿ ಕಲ್ಲು ಒಡೆದಿದೆ. ಓದಲಾಗುವುದಿಲ್ಲ.”

“ಅವಳು ನಮ್ಮ ಕುಲದ ಹಿರಿಯಳು ಮಾಳವ್ವನೇ ಇರಬೇಕು. ನಮ್ಮಲ್ಲಿ ಹಾಗೇ ಹೇಳುತ್ತಾರೆ. ಮಾಳವ್ವ ಎಂದು ಓದಿ. ನೀವು ಓದಿದರೆ ಅದು ನಿಂತುಹೋಗುತ್ತದೆ. ನಮ್ಮ ಕೇರಿಗೆ ಒಂದು ಹೆಸರಾಗುತ್ತದೆ.”

ಚೆನ್ನಮಲ್ಲ ಅವನ ಮುಖ ನೋಡಿದ. ಆ ಒಂದು ಮಾತು ಹೇಳಿದ್ದರೆ ಆ ಕೇರಿ ಅವನನ್ನು ಹೊತ್ತುಕೊಂಡು ಮೆರೆಸುತ್ತಿತ್ತು. ಅವನು ಮತ್ತೊಮ್ಮೆ ಬಗ್ಗಿ, ಒಡೆದ ಜಾಗವನ್ನು ಬೆರಳಿನಿಂದ ಸವರಿದ.

“ಮಾಳವ್ವ ಇದ್ದರೂ ಇರಬಹುದು. ಕಲ್ಲಿನಲ್ಲಿ ಇಲ್ಲ,” ಎಂದ.

ಹಿರಿಯ ಮುಖ ಗಂಟು ಹಾಕಿಕೊಂಡ. “ನೀರು ಕೊಟ್ಟರೂ ಹೆಸರು ಕೊಡಲು ಮನಸ್ಸು ಬರಲಿಲ್ಲ. ಎಷ್ಟಾದರೂ ಆ ಮನೆಯವನು,” ಎಂದು ತನ್ನವರ ಕಡೆ ತಿರುಗಿ ಹೇಳಿದ. ಅವರು ಹೌದೆಂದು ತಲೆಯಾಡಿಸಿದರು.

ಗೋಡೆ ಬಿದ್ದಿತು. ಕೇರಿಯ ಹೆಂಗಸರು ಕೊಳಕ್ಕೆ ಬರತೊಡಗಿದರು. ವ್ಯಾಪಾರಿ ಮಗನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಆದರೆ ಮಾತು ಬಿಟ್ಟ. ಅಣ್ಣಂದಿರೂ ಬಿಟ್ಟರು. ಮೊದಮೊದಲು ತಾಯಿ ಎಲ್ಲರ ಊಟವಾದ ಮೇಲೆ ಅವನನ್ನು ಕರೆದು ಬಡಿಸುತ್ತಿದ್ದಳು. ಅವಳು ಬಡಿಸುವಾಗ ಅಳುವುದನ್ನು ನೋಡಲಾರದೆ ಚೆನ್ನಮಲ್ಲ ಕುಂಬಾರರ ಕೇರಿಯಿಂದ ಕೊಳಕ್ಕೆ ಹೋಗುವ ದಾರಿಯ ಒಂದು ಕೋಣೆಗೆ ಹೋಗಿ ನೆಲೆಸಿದ. ಜನರಿಗೆ ಅರ್ಜಿ, ಕಾಗದ ಬರೆದುಕೊಟ್ಟು ಹೊಟ್ಟೆ ಹೊರೆದ. ತಾನೇ ಬೇಯಿಸಿಕೊಂಡ, ಗೋಡೆಯ ಕಡೆ ಮುಖ ಮಾಡಿ ಉಂಡ. ನೀರಿಗೆ ಹೋಗುವ ಹೆಂಗಸರು ಅವನ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದರು. ಹಬ್ಬದ ದಿನವೂ ಒಂದು ಕಡೆಯಿಂದಲೂ ಅವನಿಗೆ ಕರೆ ಬರಲಿಲ್ಲ. ತಾಯಿ ಸತ್ತ ದಿನ ಹೋಗಿ ದೂರದಲ್ಲಿ ನಿಂತು ಬಂದ. ಹಾಗೆಯೇ ಮುದುಕನಾದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ.

“ಗುರುಗಳೇ, ಅವನಿಗೆ ಪದವಿ ಇರಲಿಲ್ಲ. ಅವನನ್ನು ಪರೀಕ್ಷಿಸಿದವರಿಲ್ಲ. ಆ ಕಲ್ಲನ್ನು ಓದಬಲ್ಲ ಇನ್ನೊಬ್ಬ ಮನುಷ್ಯ ಇರಲಿಲ್ಲ. ಹಾಗಿರುವಾಗ ಅವನು ಸರಿಯಾಗಿ ಓದಿದ ಎಂದು ಹೇಳುವುದು ಹೇಗೆ?”

ಗುರುಗಳು ಹೇಳಿದರು: “ತಪ್ಪಾಗಿ ಓದಿದ್ದರೆ ಅವನು ಒಬ್ಬನೇ ಕುಳಿತು ಉಣ್ಣಬೇಕಾಗಿರಲಿಲ್ಲ.”